ನಿಮಗೆ ಯಾವ ಮರ ಇಷ್ಟ?

(ವಿದ್ಯಾರ್ಥಿಗಳು ಮತ್ತು ಗ್ರಾಮಸ್ಥರಿಗಾಗಿ ನಡೆದ ಪರಿಸರ ಶಿಬಿರದ ಮೊದಲ ದಿನ ನೀಡಿದ ಉಪನ್ಯಾಸದ ಬರಹರೂಪ)



ಈ ಶಿಬಿರದ ಸಂಘಟಕರು ಒಂದು ನಿಯಮವನ್ನು ವಿಧಿಸಿದ್ದಾರೆ. ಇಲ್ಲಿಗೆ ಬಂದವರು ಯಾರೂ ತಮ್ಮ ಪರಿಚಯವನ್ನು ಹುದ್ದೆ, ಪದವಿ ಅಥವಾ ಮನೆತನದ ಹೆಸರಿನಿಂದ ಹೇಳಿಕೊಳ್ಳುವಂತಿಲ್ಲ. ತಮ್ಮಲ್ಲಿರುವ ಒಂದೆರಡು ವಿಚಿತ್ರ ಅಭ್ಯಾಸಗಳನ್ನೂ ತಮಗೆ ಅತ್ಯಂತ ಪ್ರಿಯವಾದ ಕೆಲವು ಸಂಗತಿಗಳನ್ನೂ ಹೇಳಿ ಕುಳಿತುಕೊಳ್ಳಬೇಕು. ಇದು ಮಕ್ಕಳಾಟವೆಂದು ಕೆಲವರು ನಕ್ಕರು. ನನಗೆ ಹಾಗೆ ತೋರಲಿಲ್ಲ. ಆದ್ದರಿಂದ ನನಗೆ ಕೊಟ್ಟಿರುವ ಒಂದು ಗಂಟೆಯನ್ನು ಈ ನಿಯಮಕ್ಕೆ ಬದ್ಧನಾಗಿಯೇ ಬಳಸಿಕೊಳ್ಳುತ್ತೇನೆ.

ಸಭೆಗಳಲ್ಲಿ ನಾವು ಕೇಳುವ ಪರಿಚಯಗಳನ್ನು ನೆನಪಿಸಿಕೊಳ್ಳಿ. ಇಂಥವರು ಇಂಥ ವಿಶ್ವವಿದ್ಯಾಲಯದಲ್ಲಿ ಓದಿದರು, ಇಷ್ಟು ಪ್ರಬಂಧಗಳನ್ನು ಪ್ರಕಟಿಸಿದರು ಎಂದು ನಿರೂಪಕರು ಚೀಟಿ ನೋಡಿ ಓದುತ್ತಾರೆ. ಅದರಿಂದ ಆ ವ್ಯಕ್ತಿ ಏನು ಕಲಿತಿದ್ದಾರೆಂಬುದು ತಿಳಿಯುತ್ತದೆ. ಎಲ್ಲಿ ಬದುಕುತ್ತಿದ್ದಾರೆಂಬುದು ತಿಳಿಯುವುದಿಲ್ಲ. ಘಟ್ಟದ ಕಣಿವೆಯಲ್ಲಿ ವಾಸಿಸುವ ಕೃಷಿ ವಿಜ್ಞಾನಿಗೂ ಬಯಲುಸೀಮೆಯ ನಗರದಲ್ಲಿ ವಾಸಿಸುವ ಕೃಷಿ ವಿಜ್ಞಾನಿಗೂ ಪದವಿ ಒಂದೇ ಆಗಿರಬಹುದು. ಬೆಳಗ್ಗೆ ಎದ್ದು ಮೊದಲು ಏನನ್ನು ನೋಡುತ್ತೀರಿ, ಎಲೆಯ ತುದಿಯಲ್ಲಿ ಏನಿಲ್ಲದಿದ್ದರೆ ನಿಮಗೆ ಊಟ ಸೇರುವುದಿಲ್ಲ ಎಂದು ಕೇಳಿದಾಗ ಮಾತ್ರ ಅವರಿಬ್ಬರ ವ್ಯತ್ಯಾಸ ಹೊರಬೀಳುತ್ತದೆ.

‘ನನಗೆ ಮಾವು ಇಷ್ಟ’ ಎನ್ನುವುದು ಒಂದು ಮಾತು. ‘ನಮ್ಮ ಹೊಳೆಯ ತಿರುವಿನಲ್ಲಿರುವ ಮರದ ಜೀರಿಗೆ ಮಿಡಿ ಇಷ್ಟ’ ಎನ್ನುವುದು ಬೇರೆಯೇ ಮಾತು. ಮೊದಲನೆಯದನ್ನು ಯಾವ ಪೇಟೆಯಲ್ಲಾದರೂ ಪೂರೈಸಿಕೊಳ್ಳಬಹುದು. ಎರಡನೆಯದು ನಡೆಯಬೇಕಾದರೆ ಆ ಹೊಳೆ ಇರಬೇಕು, ಆ ಮರ ಇರಬೇಕು, ಮರ ಹತ್ತಬಲ್ಲವರೂ ಇರಬೇಕು. ಮೆಚ್ಚುಗೆ ಎಷ್ಟು ನಿರ್ದಿಷ್ಟವಾಗಿರುತ್ತದೆಯೋ ಅಷ್ಟು ಹೊಣೆಯೂ ಅದರೊಂದಿಗೆ ಬರುತ್ತದೆ. ಇದೇ ನಾನು ಇಂದು ಹೇಳಬೇಕೆಂದಿರುವ ಮುಖ್ಯ ವಿಷಯ. ಇನ್ನು ನನ್ನ ಪರಿಚಯವನ್ನು ಆರಂಭಿಸುತ್ತೇನೆ.

ಮಳೆ ಬರೆಯುವ ಚಟ

ನನ್ನ ಮೊದಲ ವಿಚಿತ್ರ ಅಭ್ಯಾಸ ಮಳೆಯನ್ನು ಬರೆದಿಡುವುದು. ಮಳೆಗಾಲದ ಪ್ರತಿದಿನ ಬೆಳಗ್ಗೆ ಎಂಟೂವರೆ ಗಂಟೆಗೆ ಅಂಗಳದಲ್ಲಿರುವ ಮಳೆಮಾಪಕದ ನೀರನ್ನು ಅಳೆದು ಒಂದು ಪುಸ್ತಕದಲ್ಲಿ ಬರೆಯುತ್ತೇನೆ. ಮನೆಗೆ ನೆಂಟರು ಬಂದಿರಲಿ, ಲೋಟದಲ್ಲಿ ಕಾಫಿ ಆರುತ್ತಿರಲಿ, ಎಂಟೂವರೆಗೆ ಕೊಡೆ ಹಿಡಿದು ಅಂಗಳಕ್ಕೆ ಇಳಿಯಲೇಬೇಕು. ಅದೇ ಹೊತ್ತು ಏಕೆಂದರೆ, ನಮ್ಮ ದೇಶದ ಹವಾಮಾನ ಇಲಾಖೆಯು ಹಿಂದಿನ 24 ಗಂಟೆಗಳ ಮಳೆಯನ್ನು ಬೆಳಗಿನ ಎಂಟೂವರೆಗೆ ಲೆಕ್ಕ ಹಾಕುತ್ತದೆ. ಒಂದೇ ಹೊತ್ತಿಗೆ ಅಳೆದ ಅಂಕಿಗಳನ್ನು ಮಾತ್ರ ಒಂದರ ಪಕ್ಕದಲ್ಲಿ ಇನ್ನೊಂದನ್ನಿಟ್ಟು ಹೋಲಿಸಬಹುದು.

ವಿದ್ಯಾರ್ಥಿಗಳು ಗಮನಿಸಬೇಕಾದ ಒಂದು ಸರಳ ಲೆಕ್ಕವಿದೆ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. 100 ಚದರ ಮೀಟರಿನ ಹೆಂಚಿನ ಮಾಡಿನ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ 5000 ಲೀಟರ್. ಒಂದು ಎಕರೆ ತೋಟದ ಮೇಲೆ ಒಂದೇ ದಿನ 100 ಮಿಲಿಮೀಟರ್ ಮಳೆ ಸುರಿದರೆ ಸುಮಾರು ನಾಲ್ಕು ಲಕ್ಷ ಲೀಟರ್. ಈ ನೀರು ಹೋಗಲು ಬಸಿಗಾಲುವೆ ಸಾಕಷ್ಟು ಆಳವಾಗಿದೆಯೇ ಎಂಬುದನ್ನು ಯೋಚಿಸಲು ಇಷ್ಟು ಗಣಿತ ಸಾಕು. ಮಳೆಮಾಪಕಕ್ಕೆ ಹಣ ಖರ್ಚು ಮಾಡಬೇಕಾಗಿಯೂ ಇಲ್ಲ. ಬುಡದಿಂದ ಬಾಯಿಯವರೆಗೆ ಒಂದೇ ಅಗಲವಿರುವ, ತಳ ಸಮತಟ್ಟಾಗಿರುವ ಯಾವುದೇ ಪಾತ್ರೆ ಆಗಬಹುದು. ಅದನ್ನು ಮರ ಮತ್ತು ಮಾಡಿನಿಂದ ದೂರದಲ್ಲಿ ನೆಟ್ಟಗೆ ಇಟ್ಟು, ನಿಂತ ನೀರಿನ ಎತ್ತರವನ್ನು ಅಳತೆಪಟ್ಟಿಯಿಂದ ನೋಡಿದರಾಯಿತು.

ನನ್ನ ಪುಸ್ತಕದಲ್ಲಿ ತಾರೀಖಿನ ಪಕ್ಕದಲ್ಲಿ ಮಳೆನಕ್ಷತ್ರಕ್ಕೂ ಒಂದು ಅಂಕಣವಿದೆ. ಇದನ್ನು ಕಂಡು ಕೆಲವು ಸಹೋದ್ಯೋಗಿಗಳು ವಿಜ್ಞಾನಿಗೇಕೆ ನಕ್ಷತ್ರ ಎಂದು ಕೇಳುತ್ತಾರೆ. ಮಳೆನಕ್ಷತ್ರಗಳು ಸೂರ್ಯನ ಚಲನೆಯನ್ನು ಅನುಸರಿಸುತ್ತವೆ. ಆದ್ದರಿಂದ ಆರಿದ್ರೆ ಪ್ರತಿವರ್ಷ ಜೂನ್ 21–22ರ ಸುಮಾರಿಗೇ ಹುಟ್ಟುತ್ತದೆ. ಒಂದೊಂದು ನಕ್ಷತ್ರವೂ 13–14 ದಿನ ಇರುತ್ತದೆ. ಮೃಗಶಿರೆ, ಆರಿದ್ರೆ, ಪುನರ್ವಸು, ಪುಷ್ಯ, ಆಶ್ಲೇಷ, ಮಘೆ ಎಂಬುವು ವರ್ಷದಿಂದ ವರ್ಷಕ್ಕೆ ಹೋಲಿಸಲು ತಕ್ಕ ಎರಡೆರಡು ವಾರಗಳ ಅಂಕಣಗಳೇ ಆಗಿವೆ. ನಕ್ಷತ್ರ ಮಳೆ ತರುತ್ತದೆಂಬ ನಂಬಿಕೆ ಬೇರೆ. ನಕ್ಷತ್ರದ ಲೆಕ್ಕದಲ್ಲಿ ಮಳೆಯನ್ನು ನೆನಪಿಡುವ ಕ್ರಮ ಬೇರೆ. ಹಿರಿಯರೊಬ್ಬರು ಆ ವರ್ಷ ಪುಷ್ಯದಲ್ಲಿ ಹೊಳೆ ತೋಟಕ್ಕೆ ನುಗ್ಗಿತ್ತು ಎಂದಾಗ ಅದನ್ನು ಜುಲೈ ಉತ್ತರಾರ್ಧವೆಂದು ನಾನು ಕೂಡಲೇ ಬರೆದುಕೊಳ್ಳಬಲ್ಲೆ.

ಈ ಚಟದಿಂದ ಪ್ರಯೋಜನವೇನು? ಅಡಿಕೆಯ ಕೊಳೆರೋಗವನ್ನೇ ತೆಗೆದುಕೊಳ್ಳಿ. ಅದು ಮಳೆಹನಿಯ ಸಿಡಿತದಿಂದ ಗೊನೆಯಿಂದ ಗೊನೆಗೆ ಹರಡುವ ರೋಗ. 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಮಲೆನಾಡಿನ ತೋಟಗಳಲ್ಲಿ ಅದನ್ನು ಅಭ್ಯಾಸ ಮಾಡಿ, ಬೋರ್ಡೋ ದ್ರಾವಣದ ಸಿಂಪಡಣೆಯನ್ನು ರೂಢಿಗೆ ತಂದರು. ಮೈಲುತುತ್ತ ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು 100 ಲೀಟರ್ ಎಂಬ ಲೆಕ್ಕ ಇಲ್ಲಿನ ಮಕ್ಕಳಿಗೂ ಬಾಯಿಪಾಠ. ಮೊದಲ ಸಿಂಪಡಣೆ ಮಳೆಗಾಲ ಹಿಡಿಯುವ ಮುನ್ನ. ಎರಡನೆಯದು 40–45 ದಿನಗಳ ನಂತರ. ಆದರೆ ಆ ದಿನಗಳಲ್ಲಿ ಎಷ್ಟು ಮಳೆ ಬಿತ್ತು, ಎಷ್ಟು ದಿನ ಬಿಸಿಲು ಕಾಣಲಿಲ್ಲ ಎಂಬುದನ್ನು ಬರೆದಿಟ್ಟವರಿಗೆ ಮುಂದಿನ ಸಿಂಪಡಣೆ ಯಾವಾಗ ಬೇಕೆಂಬ ಅಂದಾಜು ಸ್ಪಷ್ಟವಾಗಿರುತ್ತದೆ. ಈಗ ಎಲೆಚುಕ್ಕಿ ರೋಗವೂ ಅಡಿಕೆ ತೋಟಗಳನ್ನು ಕಾಡುತ್ತಿದೆ. ಅದೂ ತೇವವನ್ನು ಆಶ್ರಯಿಸಿದ ಶಿಲೀಂಧ್ರ ರೋಗವೇ. ಗುಡ್ಡದ ಈಚೆಗೆ ಬಿದ್ದ ಮಳೆ ಆಚೆಗೆ ಬೀಳದಿರುವ ನಮ್ಮಂಥ ನಾಡಿನಲ್ಲಿ ಪಂಚಾಯತಿಗೊಂದು ಮಳೆಮಾಪಕ ಸಾಲದು. ಕಣಿವೆಗೊಬ್ಬ ಮಳೆ ಬರೆಯುವ ಹುಚ್ಚರಿರಬೇಕು.

ಮಣ್ಣನ್ನು ಮೂಸುವುದು

ನನ್ನ ಎರಡನೆಯ ವಿಚಿತ್ರ ಅಭ್ಯಾಸ ಮಣ್ಣನ್ನು ಮೂಸಿ ನೋಡುವುದು. ಯಾರ ತೋಟಕ್ಕೆ ಹೋದರೂ ಮೊದಲು ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಮೂಗಿಗೆ ಹಿಡಿಯುತ್ತೇನೆ. ಮನೆಯೊಡೆಯರಿಗೆ ಸ್ವಲ್ಪ ಸಂಕೋಚವಾಗುತ್ತದೆ. ನನಗೆ ಜಗತ್ತಿನ ಅತ್ಯಂತ ಪ್ರಿಯವಾದ ಪರಿಮಳ ಯಾವುದೆಂದು ಕೇಳಿದರೆ, ದರಕಿನ ಅಡಿಯಲ್ಲಿರುವ ಕಪ್ಪು ಮಣ್ಣಿನದು ಎನ್ನುತ್ತೇನೆ.

ಈ ವಾಸನೆಗೆ ಕಾರಣವಾದ ರಾಸಾಯನಿಕಕ್ಕೆ ಜಿಯೋಸ್ಮಿನ್ ಎಂದು ಹೆಸರು. ಮಣ್ಣಿನಲ್ಲಿರುವ ಸ್ಟ್ರೆಪ್ಟೊಮೈಸಿಸ್ ಎಂಬ ಸೂಕ್ಷ್ಮಜೀವಿಗಳು ಅದನ್ನು ತಯಾರಿಸುತ್ತವೆ. ಕ್ಷಯರೋಗಕ್ಕೆ ಮೊದಲ ಪರಿಣಾಮಕಾರಿ ಔಷಧವಾದ ಸ್ಟ್ರೆಪ್ಟೊಮೈಸಿನ್ ದೊರೆತದ್ದೂ ಇದೇ ಗುಂಪಿನ ಜೀವಿಯಿಂದ, 1943ರಲ್ಲಿ. ಮನುಷ್ಯನ ಮೂಗು ಜಿಯೋಸ್ಮಿನ್ನನ್ನು ಅತ್ಯಲ್ಪ ಪ್ರಮಾಣದಲ್ಲಿಯೂ ಗುರುತಿಸಬಲ್ಲದು. ಈ ಜೀವಿಗಳು ವಾಸನೆಯನ್ನು ಏಕೆ ಹೊರಡಿಸುತ್ತವೆ ಎಂಬುದಕ್ಕೆ 2020ರಲ್ಲಿ ಪ್ರಕಟವಾದ ಒಂದು ಸಂಶೋಧನೆ ಸುಂದರವಾದ ಉತ್ತರ ಕೊಟ್ಟಿತು. ಮಣ್ಣಿನಲ್ಲಿ ಚಿಮ್ಮಿ ಓಡಾಡುವ ಸ್ಪ್ರಿಂಗ್‌ಟೇಲ್ ಎಂಬ ಚಿಕ್ಕ ಜೀವಿಗಳು ಈ ವಾಸನೆಯನ್ನು ಹಿಡಿದು ಬರುತ್ತವೆ, ಸ್ಟ್ರೆಪ್ಟೊಮೈಸಿಸ್ಸನ್ನು ತಿನ್ನುತ್ತವೆ, ಅದರ ಬೀಜಾಣುಗಳನ್ನು ಮೈಗೆ ಅಂಟಿಸಿಕೊಂಡು ಬೇರೆಡೆಗೆ ಒಯ್ಯುತ್ತವೆ. ಹಣ್ಣಿನ ಪರಿಮಳ ಹಕ್ಕಿಯನ್ನೂ ಬಾವಲಿಯನ್ನೂ ಕರೆಯುವಂತೆ ಮಣ್ಣಿನ ಪರಿಮಳವೂ ಯಾರನ್ನೋ ಕರೆಯುತ್ತಿದೆ.

ಮೂಗು ಪ್ರಯೋಗಾಲಯವಲ್ಲ. ಮಣ್ಣಿನ ಹುಳಿತನವನ್ನಾಗಲಿ ಪೊಟ್ಯಾಷ್ ಪ್ರಮಾಣವನ್ನಾಗಲಿ ಅದು ಹೇಳಲಾರದು. ಅದಕ್ಕೆ ಮಣ್ಣು ಪರೀಕ್ಷೆಯೇ ಬೇಕು. ಆದರೆ ಮಣ್ಣಿನಲ್ಲಿ ಗಾಳಿಯಾಡುತ್ತಿದೆಯೇ, ನೀರು ನಿಂತು ಕೊಳೆಯುತ್ತಿದೆಯೇ ಎಂಬುದನ್ನು ಮೂಗು ಕೂಡಲೇ ತಿಳಿಸುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಬಸಿಗಾಲುವೆ ಮುಚ್ಚಿಹೋಗಿದೆ ಎಂದು ತಿಳಿಯಬೇಕು. ಯಾವ ವಾಸನೆಯೂ ಇಲ್ಲದಿದ್ದರೆ ಆ ಮಣ್ಣಿಗೆ ಬಹುಕಾಲದಿಂದ ಸೊಪ್ಪು ಬಿದ್ದಿಲ್ಲವೆಂದು ಸಂಶಯಪಡಬೇಕು.

ಇಲ್ಲಿಂದ ಮಾತು ಸೊಪ್ಪಿನಬೆಟ್ಟಕ್ಕೆ ಹೋಗುತ್ತದೆ. ಉತ್ತರ ಕನ್ನಡದ ಮೇಲ್ಘಟ್ಟದಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟವೆಂಬ ಲೆಕ್ಕವನ್ನು ಹಿಂದಿನಿಂದಲೂ ಕೇಳಿದ್ದೇವೆ. ಬೆಟ್ಟದ ಸೊಪ್ಪು ಕೊಟ್ಟಿಗೆಗೆ, ಕೊಟ್ಟಿಗೆಯ ಗೊಬ್ಬರ ತೋಟಕ್ಕೆ. ತೋಟದ ಮಣ್ಣಿನ ಪರಿಮಳವೆಂದರೆ ವಾಸ್ತವವಾಗಿ ಬೆಟ್ಟದ ಮರಗಳ ಪರಿಮಳ. ಬೆಟ್ಟ ಬೋಳಾಗಿ ಕೇವಲ ಕರಡ ಬೆಳೆಯುವಂತಾದರೆ, ಅಥವಾ ಅದೆಲ್ಲವೂ ಅಕೇಶಿಯಾ ತೋಪಾದರೆ, ತೋಟಕ್ಕೆ ಬೀಳುವ ಸೊಪ್ಪಿನ ವೈವಿಧ್ಯ ಹೋಗುತ್ತದೆ. ನನಗೆ ಅಪ್ರಿಯವಾದ ವಸ್ತುವೊಂದನ್ನು ಹೇಳಬೇಕೆಂದಿದ್ದರೆ ಅದು ಒಂದೇ ಜಾತಿಯ ಮರಗಳ ಸಾಲು. ಮರದ ಮೇಲೆ ನನಗೆ ಸಿಟ್ಟಿಲ್ಲ; ಅಕೇಶಿಯಾ ಆಸ್ಟ್ರೇಲಿಯಾ ಮತ್ತು ನ್ಯೂಗಿನಿಯ ತನ್ನ ತವರಿನಲ್ಲಿ ಹಲವು ಮರಗಳ ನಡುವೆ ಬೆಳೆಯುವ ಮರವೇ. ಅದನ್ನು ಇಲ್ಲಿ ತಂದು ಅದೊಂದನ್ನೇ ನೆಟ್ಟುದರ ಬಗ್ಗೆ ನನ್ನ ತಕರಾರು.

ಮಿಡಿಯ ಪಕ್ಷಪಾತ

ಊಟದ ವಿಷಯಕ್ಕೆ ಬಂದರೆ ನಾನು ಪಕ್ಷಪಾತಿ. ನನ್ನ ಎಲೆಗೆ ಮಿಡಿ ಉಪ್ಪಿನಕಾಯಿ ಬೀಳಬೇಕು, ಅದೂ ಅಪ್ಪೆಮಿಡಿಯೇ ಆಗಬೇಕು. ಕತ್ತರಿಸಿದ ಹೋಳುಗಳ ಉಪ್ಪಿನಕಾಯಿಯನ್ನು ಬಡಿಸಿದರೆ ಸೌಜನ್ಯಕ್ಕಾಗಿ ತಿನ್ನುತ್ತೇನೆ.

ಅಪ್ಪೆಮಿಡಿಯ ಮರಗಳು ಬಹುತೇಕ ಕಾಡುಮರಗಳು. ಅಘನಾಶಿನಿ, ಶರಾವತಿ, ಕಾಳಿ, ವರದಾ ಮೊದಲಾದ ನದಿಗಳ ದಂಡೆಗಳಲ್ಲಿ ತಾವಾಗಿ ಹುಟ್ಟಿ ಬೆಳೆದವು. ಒಂದೊಂದು ಮರಕ್ಕೂ ಒಂದೊಂದು ಗುಣ. ಒಂದರ ಮಿಡಿ ಉದ್ದ, ಇನ್ನೊಂದರದು ಗುಂಡು. ಒಂದರ ಸೊನೆಯಲ್ಲಿ ಜೀರಿಗೆಯ ಪರಿಮಳ, ಇನ್ನೊಂದರಲ್ಲಿ ಕರ್ಪೂರದ ಪರಿಮಳ. ಸೊನೆ ಹೆಚ್ಚಿರುವ ಮಿಡಿ ಭರಣಿಯಲ್ಲಿ ವರ್ಷಗಟ್ಟಲೆ ಬಾಳುತ್ತದೆಂದು ನಮ್ಮ ತಾಯಂದಿರು ಬಲ್ಲರು. ತೊಟ್ಟು ಮುರಿಯದಂತೆ ಕೊಯ್ಯಬೇಕೆಂಬ ಅವರ ಕಟ್ಟುನಿಟ್ಟಿಗೂ ಕಾರಣ ಅದೇ. ಅನಂತಭಟ್ಟನ ಅಪ್ಪೆ, ಮಾಳಂಜಿ, ಕರ್ಣಕುಂಡಲ, ಜೀರಿಗೆ ಮಿಡಿ ಎಂಬ ಹೆಸರುಗಳನ್ನು ನೋಡಿ. ಯಾವ ಸಂಶೋಧನಾ ಕೇಂದ್ರವೂ ಈ ಹೆಸರುಗಳನ್ನು ಇಡಲಿಲ್ಲ. ರುಚಿ ಬಲ್ಲ ಜನರು ಮರದ ಸ್ಥಳದಿಂದ, ಆಕಾರದಿಂದ, ಪರಿಮಳದಿಂದ, ಮನುಷ್ಯರಿಂದ ಹೆಸರುಗಳನ್ನು ಪಡೆದು ಮರಕ್ಕೆ ಕೊಟ್ಟರು. ಅನಂತಭಟ್ಟ ಎಂಬವರು ಯಾವ ಸಭೆಯಲ್ಲಿಯೂ ಇಂದು ಪರಿಚಯಿಸಲ್ಪಡುವುದಿಲ್ಲ. ಆದರೆ ಒಂದು ಮಿಡಿಯ ಮೂಲಕ ಆ ಹೆಸರು ಉಳಿದಿದೆ. ಅಪ್ಪೆಮಿಡಿಗೆ ಈಗ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ.

ಮಾನ್ಯತೆಯ ಪತ್ರದಿಂದ ಮರ ಉಳಿಯುವುದಿಲ್ಲ. ಹೊಳೆಯ ದಂಡೆ ಕುಸಿದಾಗ, ಮರಳು ತೆಗೆದಾಗ, ಮಿಡಿಗೆ ಬೆಲೆ ಬಂದ ವರ್ಷ ಹತ್ತುವ ಶ್ರಮ ತಪ್ಪಿಸಲು ಟೊಂಗೆಯನ್ನೇ ಕಡಿದು ಕೆಳಗುರುಳಿಸಿದಾಗ ಮರ ಹೋಗುತ್ತದೆ. ಮಾವಿನ ಬೀಜದಿಂದ ಹುಟ್ಟಿದ ಸಸಿ ತಾಯಿಮರದ ಗುಣವನ್ನೇ ತೋರೀತೆಂಬ ಭರವಸೆಯಿಲ್ಲ. ಆದ್ದರಿಂದ ಒಂದು ಮರ ಬಿದ್ದರೆ ಒಂದು ರುಚಿಯೇ ಭೂಮಿಯಿಂದ ಹೋದಂತೆ. ಅದಕ್ಕಿರುವ ಉಪಾಯ ಕಸಿ. ಆ ಮರದ ಕಡ್ಡಿಯನ್ನು ಎಳೆಯ ಕಾಟುಮಾವಿನ ಸಸಿಗೆ ಕಸಿ ಕಟ್ಟಿದರೆ ಅದೇ ಗುಣದ ಗಿಡ ಸಿಗುತ್ತದೆ. ಸಾಗರ, ಶಿರಸಿ, ಸಿದ್ದಾಪುರ ಭಾಗದ ರೈತರು ಸ್ವತಃ ಇದನ್ನು ಕಲಿತು ಹಲವು ತಳಿಗಳನ್ನು ತಮ್ಮ ಬೇಣಗಳಲ್ಲಿ ಉಳಿಸಿಕೊಂಡಿದ್ದಾರೆ. ಆದರೆ ಯಾವ ಮರದಿಂದ ಕಡ್ಡಿ ತರಬೇಕೆಂಬುದನ್ನು ಪುಸ್ತಕ ಹೇಳುವುದಿಲ್ಲ. ಆ ಮಿಡಿಯನ್ನು ಮೆಚ್ಚಿ ತಿಂದವರೇ ಹೇಳಬೇಕು. ಕಸಿ ಕಟ್ಟುವ ಕೈಯನ್ನು ತರಬೇತಿಯಿಂದ ತಯಾರು ಮಾಡಬಹುದು. ಮಿಡಿಯ ಗುಣ ಬಲ್ಲ ನಾಲಿಗೆ ಊರಿನಲ್ಲೇ ಬೆಳೆಯಬೇಕು.

ಕುಂಬಾರನೆಂಬ ಕಪ್ಪೆ

ಪ್ರಿಯವಾದ ಪ್ರಾಣಿ ಯಾವುದೆಂದು ಕೇಳಿದರೆ ಹೆಚ್ಚಿನವರು ಹುಲಿ, ಆನೆ, ಮಂಗಟ್ಟೆ ಹಕ್ಕಿ ಎನ್ನುತ್ತಾರೆ. ನನಗೆ ಪ್ರಿಯವಾದುದು ಒಂದು ಕಪ್ಪೆ. ಉತ್ತರ ಕನ್ನಡದ ಕಾಡಿನ ತೊರೆಗಳಲ್ಲಿ ವಾಸಿಸುವ ಅದನ್ನು ಕರ್ನಾಟಕದ ವಿಜ್ಞಾನಿಗಳ ತಂಡ 2014ರಲ್ಲಿ ಹೊಸ ಪ್ರಭೇದವೆಂದು ವಿವರಿಸಿತು. ಇಟ್ಟ ಹೆಸರು ನಿಕ್ಟಿಬಟ್ರಾಕಸ್ ಕುಂಬಾರ. ಹೆಣ್ಣು ಕಪ್ಪೆ ತೊರೆಯ ಮೇಲಿನ ಕಡ್ಡಿಗೋ ಕಲ್ಲಿಗೋ ಮೊಟ್ಟೆ ಅಂಟಿಸಿ ಹೋದ ಬಳಿಕ ಗಂಡು ಕಪ್ಪೆ ಮುಂಗಾಲುಗಳಿಂದ ಕೆಸರನ್ನು ತೆಗೆದು, ಮೊಟ್ಟೆಗಳಿಗೆ ಮೆತ್ತಿ, ಕುಂಬಾರನು ಮಡಕೆಯನ್ನು ತಟ್ಟುವಂತೆ ಸವರಿ ಮುಚ್ಚುತ್ತದೆ. ಮೊಟ್ಟೆ ಒಣಗದಂತೆಯೂ ಶತ್ರುಗಳ ಕಣ್ಣಿಗೆ ಬೀಳದಂತೆಯೂ ಈ ವ್ಯವಸ್ಥೆಯೆಂದು ವಿಜ್ಞಾನಿಗಳ ಊಹೆ. ಅದುವರೆಗೆ ಬೇರೆ ಯಾವ ಕಪ್ಪೆಯಲ್ಲಿಯೂ ಇಂಥ ನಡತೆ ಕಂಡಿರಲಿಲ್ಲ.

ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನು ಈ ಕಪ್ಪೆಯ ನೆಲೆಗಳಲ್ಲಿ ಒಂದು. ಅಲ್ಲಿ ಕಾಡುಜಾಯಿಕಾಯಿಯ ಜಾತಿಯ ಮರಗಳು ವರ್ಷವಿಡೀ ನೀರು ಹರಿಯುವ ಜೌಗಿನಲ್ಲಿ ಮೊಣಕಾಲಿನಂತೆ ಬಾಗಿದ ಬೇರುಗಳನ್ನು ಮೇಲೆತ್ತಿ ನಿಂತಿವೆ. ಕೆಸರಿನಲ್ಲಿ ಗಾಳಿ ಸಾಲದಿರುವುದರಿಂದ ಬೇರುಗಳು ಮೇಲೆ ಬಂದು ಉಸಿರಾಡುತ್ತವೆ. ಇದೇ ಕಾನಿನಲ್ಲಿ ಕಂಡುಬಂದ ಗೇರಿನ ಕುಲದ ಒಂದು ಮರಕ್ಕೆ 2000ದಲ್ಲಿ ವಿಜ್ಞಾನಿಗಳು ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಹೆಸರಿಟ್ಟರು. ಅತ್ಯಲ್ಪ ಸಂಖ್ಯೆಯಲ್ಲಿ ಮಾತ್ರ ಉಳಿದಿರುವ ಮರವದು.

ಇಲ್ಲಿ ನಾನು ವಿದ್ಯಾರ್ಥಿಗಳ ಗಮನವನ್ನು ಒಂದು ಸಂಗತಿಯತ್ತ ಸೆಳೆಯಬೇಕು. ಕುಂಬಾರ ಎಂಬುದು ಕನ್ನಡದ ಮಾತು. ಕತ್ತಲೆಕಾನು ಎಂಬುದು ಅಲ್ಲಿನ ಜನ ಇಟ್ಟ ಹೆಸರು. ಜಗತ್ತಿನ ಯಾವ ಮೂಲೆಯ ವಿಜ್ಞಾನಿಯೂ ಈ ಜೀವಿಗಳ ಬಗ್ಗೆ ಬರೆಯುವಾಗ ಈ ಕನ್ನಡ ಪದಗಳನ್ನೇ ಬರೆಯಬೇಕು. ಮನೆಯ ಹಿಂದಿನ ಹಳ್ಳವನ್ನು ಯಾರೋ ರಾತ್ರಿ ಹೊತ್ತು ಕುಳಿತು ಪ್ರೀತಿಯಿಂದ ನೋಡಿದ್ದರಿಂದ ಇದಾಯಿತು. ನಮ್ಮ ಎಷ್ಟು ಹಳ್ಳಗಳ ಬಳಿ ಇನ್ನೂ ಯಾರೂ ಹಾಗೆ ಕುಳಿತಿಲ್ಲವೆಂದು ಯೋಚಿಸಿ.

ಮಂದಣ್ಣನ ಕಣ್ಣು

ಪ್ರಿಯವಾದ ಪುಸ್ತಕ ಯಾವುದೆಂಬ ಪ್ರಶ್ನೆಗೆ ಬಹುಶಃ ನನ್ನಂಥ ಅನೇಕರು ಕೊಡುವ ಉತ್ತರವೇ ನನ್ನದೂ: ಪೂರ್ಣಚಂದ್ರ ತೇಜಸ್ವಿಯವರ 1980ರ ಕಾದಂಬರಿ ‘ಕರ್ವಾಲೊ’. ಹಾರುವ ಓತಿಯ ಹುಡುಕಾಟದ ಕತೆಯೆಂದು ಅದನ್ನು ಎಲ್ಲರೂ ಬಲ್ಲರು. ನನಗೆ ಅದರಲ್ಲಿ ಪ್ರಿಯನಾದವನು ವಿಜ್ಞಾನಿ ಕರ್ವಾಲೊ ಅಲ್ಲ, ಮಂದಣ್ಣ. ಊರವರ ಲೆಕ್ಕದಲ್ಲಿ ಅವನು ಉಪಯೋಗಕ್ಕೆ ಬಾರದವನು. ಆದರೆ ಕಾಡಿನಲ್ಲಿ ಅವನ ಕಣ್ಣಿಗೆ ಬಿದ್ದುದು ಇತರರ ಕಣ್ಣಿಗೆ ಬಿದ್ದಿರಲಿಲ್ಲ. ಆ ಕಣ್ಣಿನ ಬೆಲೆ ವಿಜ್ಞಾನಿಗೆ ತಿಳಿದಿತ್ತು.

ಹಾರುವ ಓತಿ ನಮ್ಮ ಅಡಿಕೆ ತೋಟಗಳಲ್ಲಿ ಇಂದಿಗೂ ಇದೆ. ಗಂಡು ಓತಿ ಗಂಟಲಿನ ಹಳದಿ ಚರ್ಮವನ್ನು ಬಾವುಟದಂತೆ ಬಿಚ್ಚಿ ಮಡಿಸುತ್ತದೆ. ಪಕ್ಕೆಲುಬುಗಳ ಮೇಲೆ ಹರಡಿದ ಚರ್ಮವನ್ನು ರೆಕ್ಕೆಯಂತೆ ಅಗಲಿಸಿ ಮರದಿಂದ ಮರಕ್ಕೆ ತೇಲುತ್ತದೆ. ಇರುವೆಗಳೇ ಅದರ ಮುಖ್ಯ ಆಹಾರ. ಹೆಣ್ಣು ನೆಲಕ್ಕಿಳಿಯುವುದು ಮೊಟ್ಟೆಯಿಡುವುದಕ್ಕಾಗಿ. ನೀವು ತೋಟಕ್ಕೆ ಹೋದಾಗ ಹತ್ತು ನಿಮಿಷ ಸುಮ್ಮನೆ ನಿಂತು ಕಾಂಡಗಳನ್ನು ನೋಡಿ. ಶಾಲೆಯಲ್ಲಿ ಅಂಕ ಕಡಿಮೆ ಬಂದರೂ ಹಕ್ಕಿಯ ಗೂಡು ಎಲ್ಲಿದೆಯೆಂದು ಬಲ್ಲ ಹುಡುಗ, ಓದು ಬಾರದಿದ್ದರೂ ಯಾವ ಕಾಯಿಲೆಗೆ ಯಾವ ಬೇರೆಂದು ಬಲ್ಲ ಅಜ್ಜಿ ನಮ್ಮ ಊರುಗಳಲ್ಲಿದ್ದಾರೆ. ಪದವಿಯ ಪರಿಚಯದಲ್ಲಿ ಅವರಿಗೆ ಹೇಳಿಕೊಳ್ಳಲು ಏನೂ ಇಲ್ಲ. ಮೆಚ್ಚುಗೆಯ ಪರಿಚಯದಲ್ಲಿ ಅವರೇ ಮುಂದಿನ ಸಾಲಿನವರು. ಸಂಘಟಕರ ನಿಯಮ ನನಗೆ ಹಿಡಿಸಿದ್ದು ಈ ಕಾರಣಕ್ಕಾಗಿ.

ಊರು ತನ್ನ ಪರಿಚಯ ಹೇಳಬೇಕಾದಾಗ

ಇಷ್ಟರವರೆಗೆ ಒಬ್ಬ ವ್ಯಕ್ತಿಯ ಪರಿಚಯವಾಯಿತು. ಊರೊಂದು ತನ್ನ ಪರಿಚಯವನ್ನು ಹೇಳಿಕೊಳ್ಳಬೇಕಾದ ಸಂದರ್ಭಗಳೂ ಬರುತ್ತವೆ. ರಸ್ತೆ, ಅಣೆಕಟ್ಟು, ವಿದ್ಯುತ್ ಮಾರ್ಗ, ಗಣಿ, ಯಾವುದೇ ಯೋಜನೆ ಬರಲಿ, ಅದರ ವರದಿಯಲ್ಲಿ ನಮ್ಮ ಊರು ಇಷ್ಟು ಎಕರೆ, ಇಷ್ಟು ಮರ, ಇಷ್ಟು ಕುಟುಂಬ ಎಂದು ಕಾಣಿಸಿಕೊಳ್ಳುತ್ತದೆ. ಹೊರಗಿನವರು ಬರೆದ ಪರಿಚಯ ಹಾಗಿರುತ್ತದೆ. ಅಹವಾಲು ಸಭೆಯಲ್ಲಿ ನಾವು ಎದ್ದು ನಿಂತು ‘ನಮ್ಮ ಕಾಡು ಅಮೂಲ್ಯ’ ಎಂದರೆ ಬರೆದುಕೊಳ್ಳುವವರಿಗೆ ಬರೆಯಲು ಏನೂ ಸಿಗುವುದಿಲ್ಲ. ಇಂಥ ಸರ್ವೆ ನಂಬರಿನ ಹಳ್ಳದ ದಂಡೆಯಲ್ಲಿ ಇಂಥ ಅಪ್ಪೆಯ ಮರಗಳು ಇಷ್ಟಿವೆ, ಈ ತೊರೆ ಬೇಸಿಗೆಯಲ್ಲಿಯೂ ಬತ್ತುವುದಿಲ್ಲ, ಇಲ್ಲಿ ಈ ಕಪ್ಪೆ ಇಂಥ ತಿಂಗಳಲ್ಲಿ ಮೊಟ್ಟೆಯಿಡುತ್ತದೆ ಎಂದು ತಾರೀಖಿನ ಸಮೇತ ಹೇಳಿದರೆ ಅದಕ್ಕೆ ಉತ್ತರ ಕೊಡಬೇಕಾಗುತ್ತದೆ.

1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನರು ಕಳಸೆ ಕಾಡಿಗೆ ನಡೆದು ಮರಗಳನ್ನು ಅಪ್ಪಿಕೊಂಡರು. ಹಿಮಾಲಯದ ಚಿ‍ಪ್ಕೊ ಚಳವಳಿಯಿಂದ ಸ್ಫೂರ್ತಿ ಪಡೆದ ಅಪ್ಪಿಕೊ ಚಳವಳಿ ಹೀಗೆ ಆರಂಭವಾಯಿತು. ಉಳಿಸು, ಬೆಳೆಸು, ಬಳಸು ಎಂಬುದು ಅದರ ಘೋಷವಾಯಿತು. ಆ ಜನರು ಅಪರಿಚಿತ ಮರಗಳನ್ನು ಅಪ್ಪಿಕೊಳ್ಳಲಿಲ್ಲ. ಸೊಪ್ಪು, ಜೇನು, ನೀರು, ಔಷಧಿಗಳಿಗಾಗಿ ದಿನವೂ ನಡೆದಾಡಿದ ಕಾಡು ಅದು. ಮರವನ್ನು ಹೆಸರು ಹಿಡಿದು ಬಲ್ಲವರು ಮಾತ್ರ ಅದರ ಮುಂದೆ ನಿಲ್ಲುತ್ತಾರೆ. ನಲವತ್ತು ವರ್ಷಗಳ ನಂತರ ಅದೇ ಪ್ರಶ್ನೆ ನಮ್ಮ ಮುಂದಿದೆ: ಇಂದಿನ ಪೀಳಿಗೆಯಲ್ಲಿ ಎಷ್ಟು ಮಂದಿ ಮರಗಳನ್ನು ಹಾಗೆ ಬಲ್ಲರು?

ಊರು ತನ್ನ ಪರಿಚಯವನ್ನು ತಾನೇ ಬರೆದುಕೊಳ್ಳಲು ಕಾನೂನಿನಲ್ಲಿ ಒಂದು ಅವಕಾಶವಿದೆ. 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯತಿಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಸ್ಥಳೀಯ ಜನರೊಂದಿಗೆ ಸಮಾಲೋಚಿಸಿ ಜನತಾ ಜೀವವೈವಿಧ್ಯ ದಾಖಲೆಯನ್ನು ಸಿದ್ಧಪಡಿಸುವುದು ಆ ಸಮಿತಿಯ ಮುಖ್ಯ ಕೆಲಸ. ಈ ಕಲ್ಪನೆಗೆ 1990ರ ದಶಕದಲ್ಲಿ ರೂಪ ಕೊಟ್ಟವರಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಪ್ರಮುಖರು. ಬಹುಕಾಲ ಈ ಕೆಲಸ ಹಿಂದೆ ಬಿದ್ದಿತ್ತು. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2020ರ ಜನವರಿ 31ರ ಗಡುವು ವಿಧಿಸಿ, ತಪ್ಪಿದರೆ ರಾಜ್ಯಗಳು ತಿಂಗಳಿಗೆ 10 ಲಕ್ಷ ರೂಪಾಯಿ ತೆರಬೇಕೆಂದಿತು. ಆಗ ದಾಖಲೆಗಳು ಒಮ್ಮೆಲೇ ಸಿದ್ಧವಾದವು. ಅವಸರದಲ್ಲಿ ತುಂಬಿದ ಪುಸ್ತಕದಲ್ಲಿ ಒಂದು ಊರಿನ ಪಟ್ಟಿಗೂ ಇನ್ನೊಂದು ಊರಿನ ಪಟ್ಟಿಗೂ ವ್ಯತ್ಯಾಸ ಕಾಣುವುದಿಲ್ಲ. ಮಾವು, ಹಲಸು, ಬೇವು ಎಂದು ಬರೆದರೆ ಅದು ಯಾವ ಊರಿನ ಪರಿಚಯ? ನಿಮ್ಮ ಪಂಚಾಯತಿಗೆ ಹೋಗಿ ಆ ಪುಸ್ತಕವನ್ನು ಕೇಳಿ ನೋಡಿ. ಅದು ಮುಗಿದ ಪುಸ್ತಕವಲ್ಲ. ಹೊಸ ಮಾಹಿತಿಯನ್ನು ಸೇರಿಸುತ್ತ ಹೋಗಬೇಕಾದ ಪುಸ್ತಕ.

ಈ ಮೂರು ದಿನಗಳ ಕೆಲಸ

ಆದ್ದರಿಂದ ಈ ಮೂರು ದಿನಗಳಲ್ಲಿ ನಾವು ಮಾಡಬೇಕಾದುದು ಇಷ್ಟು. ಪ್ರತಿಯೊಬ್ಬ ವಿದ್ಯಾರ್ಥಿಯೂ ಒಬ್ಬ ಹಿರಿಯರ ಜೊತೆ ಕುಳಿತು ಐದು ಪ್ರಶ್ನೆಗಳನ್ನು ಕೇಳಬೇಕು. ನಿಮಗೆ ಯಾವ ಮರ ಇಷ್ಟ, ಅದು ಎಲ್ಲಿದೆ? ಕಾಲ್ನಡಿಗೆಯಲ್ಲಿ ಒಂದು ಗಂಟೆಯೊಳಗೆ ಸಿಗುವ ಯಾವ ರುಚಿಯನ್ನು ನೀವು ಬಿಡಲಾರಿರಿ? ಮೊದಲ ಮಳೆ ಬಂತೆಂದು ನಿಮಗೆ ಹೇಳುವ ಸದ್ದು ಯಾವುದು? ಜನ ನಿಮ್ಮನ್ನು ನೋಡಿ ನಗುವಂಥ ಅಭ್ಯಾಸ ಯಾವುದು? ನಿಮ್ಮ ಬಾಲ್ಯದಲ್ಲಿ ಕೇಳುತ್ತಿದ್ದು ಈಗ ಕೇಳದಿರುವ ಗಿಡ, ಹಕ್ಕಿ ಅಥವಾ ಮೀನಿನ ಹೆಸರು ಯಾವುದು? ಕೇಳಿದ ಉತ್ತರಗಳನ್ನು ಅವರ ಮಾತಿನಲ್ಲಿಯೇ ಬರೆಯಿರಿ. ಅವರು ಹೇಳಿದ ಹೆಸರನ್ನು ಪಠ್ಯಪುಸ್ತಕದ ಹೆಸರಿಗೆ ತಿದ್ದಬೇಡಿ. ಮರುದಿನ ಇಬ್ಬರೂ ಆ ಸ್ಥಳಕ್ಕೆ ಹೋಗಿ ನೋಡಿ, ತಾರೀಖು ಹಾಕಿ. ಮರ ಅಲ್ಲಿಲ್ಲದಿದ್ದರೆ ಅದನ್ನೂ ಬರೆಯಿರಿ.

ಒಂದು ಎಚ್ಚರಿಕೆ ಅಗತ್ಯ. ಎಲ್ಲವನ್ನೂ ಎಲ್ಲರಿಗೂ ಹೇಳಬೇಕಾಗಿಲ್ಲ. ಬೆಲೆಬಾಳುವ ಔಷಧೀಯ ಗಿಡ, ಅಪರೂಪದ ಸೀತಾಳೆ ಹೂವು, ಹೆಜ್ಜೇನಿನ ಮರ ಇವುಗಳ ನಿಖರವಾದ ಸ್ಥಳವನ್ನು ಪ್ರಚಾರ ಮಾಡಿದರೆ ಕದಿಯುವವರಿಗೆ ದಾರಿ ತೋರಿಸಿದಂತಾಗುತ್ತದೆ. ಉಪ್ಪಾಗೆಯ ಸಿಪ್ಪೆಗೆ ಹೊರದೇಶದ ಬೇಡಿಕೆ ಬಂದ ದಿನಗಳಲ್ಲಿ ಕಾಯಿ ಬಲಿಯುವ ಮೊದಲೇ ಕೊಯ್ದು, ಟೊಂಗೆಗಳನ್ನು ಮುರಿದುದನ್ನು ನಾವು ಕಂಡಿದ್ದೇವೆ. ಗೋಪ್ಯವಾಗಿಡಬೇಕಾದ ಮಾಹಿತಿಯನ್ನು ಗೋಪ್ಯವೆಂದೇ ಗುರುತಿಸಲು ಜೀವವೈವಿಧ್ಯ ದಾಖಲೆಯಲ್ಲಿ ಅವಕಾಶವಿದೆ. ಯಾವುದನ್ನು ಬಹಿರಂಗಪಡಿಸಬೇಕು, ಯಾವುದನ್ನು ಊರಿನೊಳಗೆ ಇಟ್ಟುಕೊಳ್ಳಬೇಕೆಂಬುದನ್ನು ಗ್ರಾಮಸ್ಥರೇ ನಿರ್ಧರಿಸಲಿ.

ವಿದ್ಯಾರ್ಥಿ ಮಿತ್ರರೇ, ನಿಮ್ಮಲ್ಲಿ ಅನೇಕರು ಓದಿಗಾಗಿ, ಕೆಲಸಕ್ಕಾಗಿ ಘಟ್ಟ ಬಿಟ್ಟು ಹೋಗುತ್ತೀರಿ. ಹೋಗುವುದು ತಪ್ಪಲ್ಲ. ಆದರೆ ಹೋದ ಊರಿನಲ್ಲಿ ಯಾರಾದರೂ ನೀವು ಯಾರೆಂದು ಕೇಳಿದಾಗ, ಒಂದು ಹೊಳೆಯ ಹೆಸರು, ಒಂದು ಮರದ ಹೆಸರು, ಒಂದು ಮಿಡಿಯ ಹೆಸರು ನಿಮ್ಮ ಬಾಯಲ್ಲಿರಲಿ. ಆ ಹೊಳೆಗೆ, ಆ ಮರಕ್ಕೆ ಆಪತ್ತು ಬಂತೆಂಬ ಸುದ್ದಿ ತಿಳಿದ ದಿನ ನೀವು ಎಲ್ಲಿದ್ದರೂ ಅದು ನಿಮ್ಮದೇ ಸುದ್ದಿಯಾಗಿರುತ್ತದೆ.

ನನ್ನ ಪರಿಚಯ ಇಲ್ಲಿಗೆ ಮುಗಿಯಿತು. ಈಗ ನಿಮ್ಮ ಸರದಿ. ಮೊದಲ ಸಾಲಿನಲ್ಲಿ ಕುಳಿತಿರುವ ಅಜ್ಜಿಯವರಿಂದಲೇ ಆರಂಭವಾಗಲಿ ಎಂದು ಕೋರುತ್ತೇನೆ. ಅಮ್ಮಾ, ನಿಮಗೆ ಯಾವ ಮರ ಇಷ್ಟ? ಅದು ಎಲ್ಲಿದೆ?